ನೋವು ಯಾವ ತಾರೀಖಿಗೆ ಬರುತ್ತದೆ?

ಸಿಸೇರಿಯನ್ ಹೊಲಿಗೆಯ ಪಕ್ಕದಲ್ಲಿ ಗಂಟಾಗಿದೆ, ನೋಯುತ್ತದೆ ಎಂದು ಯಾರಾದರೂ ಬಂದು ಕುಳಿತರೆ, ಕೈ ಇಟ್ಟು ನೋಡುವುದಕ್ಕೂ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ನೋವು ಯಾವ ತಾರೀಖಿಗೆ ಬರುತ್ತದೆ? ಹೆಚ್ಚಿನವರು ಉತ್ತರಿಸದೆ ನನ್ನ ಮುಖ ನೋಡುತ್ತಾರೆ. ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ ಎಂದು ಅವರನ್ನು ಹಲವರು ಕೇಳಿರುತ್ತಾರೆ. ಯಾವಾಗ ಎಂದು ಕೇಳಿದವರು ಕಡಿಮೆ.

ಸಕಲೇಶಪುರದ ಸುತ್ತಿನ ಹಳ್ಳಿಗಳ, ಕಾಫಿ ತೋಟದ ಲೈನ್ ಮನೆಗಳ ಹೆಂಗಸರನ್ನು ನೋಡುತ್ತಲೇ ವಯಸ್ಸು ಕಳೆದ ಸ್ತ್ರೀರೋಗ ವೈದ್ಯೆ ನಾನು. ಇಲ್ಲಿಗೆ ಬರುವವರಲ್ಲಿ ಬಹುಪಾಲು ಗರ್ಭಿಣಿಯರು. ಉಳಿದಂತೆ ರಕ್ತಹೀನತೆ, ಬಿಳಿ ಮುಟ್ಟು, ಗರ್ಭಕೋಶದ ಗಡ್ಡೆ. ನಡುವೆ ಒಬ್ಬೊಬ್ಬರು ಬರುತ್ತಾರೆ, ಅವರ ಕಾಯಿಲೆ ಕ್ಯಾನ್ಸರ್ ಆಗಿರುವುದಿಲ್ಲ, ಜೀವ ತೆಗೆಯುವುದಿಲ್ಲ, ಅಪರೂಪದ್ದಾದ್ದರಿಂದ ಹೆಸರೂ ಸಿಕ್ಕಿರುವುದಿಲ್ಲ. ಹೆಸರು ಸಿಗುವವರೆಗೆ ವರ್ಷಗಟ್ಟಲೆ ಅನುಭವಿಸುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಊರುಗಳನ್ನು ಬದಲಿಸಿದ್ದೇನೆ. ಕಾಯಿಲೆಯ ವಿವರವನ್ನು ಬದಲಿಸಿಲ್ಲ.

ಮೊದಲು ಅಂಗನವಾಡಿಯಲ್ಲಿ ಕೆಲಸ ಮಾಡುವ ಮೂವತ್ತೊಂದು ವಯಸ್ಸಿನ ಒಬ್ಬರ ವಿಷಯ. ಎರಡು ಹೆರಿಗೆ, ಎರಡೂ ಸಿಸೇರಿಯನ್. ಎರಡನೆಯ ಹೆರಿಗೆಯಾಗಿ ಎರಡು ವರ್ಷ ಕಳೆದ ಮೇಲೆ ಹೊಲಿಗೆಯ ಎಡ ತುದಿಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತ್ತು. ನನ್ನ ಬಳಿ ಬರುವ ಹೊತ್ತಿಗೆ ಅದು ನೆಲ್ಲಿಕಾಯಿಯ ಗಾತ್ರಕ್ಕೆ ಬೆಳೆದಿತ್ತು. ಕೈಚೀಲದ ತುಂಬ ಹಳೆಯ ಚೀಟಿಗಳಿದ್ದವು. ಒಂದೊಂದನ್ನೇ ಮೇಜಿನ ಮೇಲೆ ಹರಡಿ ಓದಿದೆ. ಒಬ್ಬರು ಒಳಗಿನ ದಾರ ಕರಗದೆ ಉಳಿದಿದೆ ಎಂದು ಆಂಟಿಬಯಾಟಿಕ್ ಕೊಟ್ಟಿದ್ದರು. ಇನ್ನೊಬ್ಬರು ಹರ್ನಿಯಾ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಒಂದು ಕಡೆ ಕೀವು ಇರಬಹುದೆಂದು ಸೂಜಿ ಹಾಕಿ ಎಳೆದು, ಏನೂ ಬಾರದೆ, ಪ್ಲಾಸ್ಟರು ಅಂಟಿಸಿ ಕಳುಹಿಸಿದ್ದರು. ಮನೆಯಲ್ಲಿ ಅತ್ತೆ ಹೊಲಿಗೆಗೆ ನಂಜಾಗಿದೆ ಎಂದು ಬದನೆಕಾಯಿ ತಿನ್ನುವುದನ್ನು ಬಿಡಿಸಿದ್ದರು. ಸೊಸೆಯ ಮೇಲಿನ ಕಾಳಜಿಯಿಂದಲೇ ಹಾಗೆ ಮಾಡಿದ್ದರು, ಅದರಲ್ಲಿ ಅನುಮಾನವಿಲ್ಲ. ಕೊನೆಯ ಚೀಟಿಯಲ್ಲಿ ಗರ್ಭಕೋಶ ತೆಗೆಸಿಕೊಳ್ಳುವ ಸಲಹೆ ಇತ್ತು.

“ನೋವು ಯಾವ ತಾರೀಖಿಗೆ ಬರುತ್ತದಮ್ಮ?”

“ಯಾವಾಗಲೂ ಇರುತ್ತದೆ ಮೇಡಂ.”

“ಯಾವಾಗಲೂ ಒಂದೇ ಸಮನಾಗಿ ಇರುತ್ತದೆಯೇ? ಹೆಚ್ಚಾಗುವ ದಿನಗಳಿಲ್ಲವೇ?”

ಅವರು ಯೋಚಿಸಿ, ಮಗುವನ್ನು ಎತ್ತಿಕೊಂಡಾಗ ಹೆಚ್ಚು ಎಂದರು. ನಾನು ಮುಂದಕ್ಕೆ ಒತ್ತಾಯಿಸಲಿಲ್ಲ. ‘ಡೇಟ್ ಆದಾಗ ಹೆಚ್ಚಾಗುತ್ತದೆಯೇ’ ಎಂದು ನೇರವಾಗಿ ಕೇಳಿಬಿಟ್ಟರೆ, ಡಾಕ್ಟರು ಕೇಳಿದ್ದಾರಲ್ಲ ಎಂದು ಹೌದು ಎಂದುಬಿಡುವವರಿದ್ದಾರೆ. ಅಂತಹ ಹೌದು ನನಗೆ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಗೋಡೆಗೆ ಕ್ಯಾಲೆಂಡರ್ ಇದೆಯೇ ಎಂದು ಕೇಳಿದೆ. ಬೆಂಗಳೂರು ಪ್ರೆಸ್ಸಿನದು ಅಡುಗೆಮನೆಯಲ್ಲೇ ತೂಗುಹಾಕಿದೆಯಂತೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಕ್ಕಳ ಲಸಿಕೆ ಎಲ್ಲವೂ ಅದರ ಮೇಲೆಯೇ. ಮುಟ್ಟಿನ ದಿನಗಳಿಗೆ ಸೊನ್ನೆ ಸುತ್ತಿ, ಗಂಟಿನ ನೋವು ಹೆಚ್ಚಾದ ದಿನಗಳಿಗೆ ಇಂಟು ಗುರುತು ಹಾಕಿ, ಎರಡು ತಿಂಗಳ ಹಾಳೆಗಳನ್ನು ತನ್ನಿ ಎಂದು ಹೇಳಿ ಕಳುಹಿಸಿದೆ.

ತಂದರು. ಹಾಲಿನ ಲೆಕ್ಕದ ನಡುವೆ ಸೊನ್ನೆಗಳು, ಅವುಗಳಿಗೆ ಎರಡು ದಿನ ಮೊದಲೇ ಶುರುವಾಗಿ ಅವುಗಳ ಜೊತೆಯಲ್ಲೇ ಸಾಗಿ ಮುಗಿಯುವ ಇಂಟುಗಳು. ಎರಡು ತಿಂಗಳೂ ಹಾಗೆಯೇ. ಉಳಿದ ಚೌಕಗಳೆಲ್ಲ ಖಾಲಿ. ಆಕೆಯೇ ನನಗಿಂತ ಮೊದಲು ಅದನ್ನು ಗಮನಿಸಿದ್ದರು. “ಇದು ಮುಟ್ಟಿನ ನೋವೇ ಅಲ್ಲವೇ ಮೇಡಂ, ಜಾಗ ಬೇರೆ ಅಷ್ಟೆ?” ಎಂದರು. ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಗರ್ಭಕೋಶದ ಒಳಗೋಡೆಗೆ ಎಂಡೊಮೆಟ್ರಿಯಂ ಎಂಬ ಪದರವಿದೆ. ಅಂಡಾಶಯದ ಹಾರ್ಮೋನುಗಳಿಗೆ ಓಗೊಟ್ಟು ಪ್ರತಿ ತಿಂಗಳು ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಹೋಗುತ್ತದೆ. ಆ ಪದರದ ಜೀವಕೋಶಗಳು ಗರ್ಭಕೋಶದ ಹೊರಗೆ ಎಲ್ಲಾದರೂ ನೆಲೆಯೂರಿದರೆ ಅದು ಎಂಡೊಮೆಟ್ರಿಯೋಸಿಸ್. ಸಾಮಾನ್ಯವಾಗಿ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಗೆ ಇರುತ್ತದೆ. ಮುಟ್ಟಿನ ರಕ್ತ ಅಂಡನಾಳದ ಮೂಲಕ ಹಿಮ್ಮುಖವಾಗಿ ಹರಿದು ಹೀಗಾಗುತ್ತದೆ ಎಂದು ಅಮೆರಿಕದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ವಾದಿಸಿದರು. ಎಲ್ಲ ಬಗೆಗಳನ್ನೂ ಆ ವಾದ ವಿವರಿಸುವುದಿಲ್ಲ. ಹೊಲಿಗೆಯ ಗಂಟಿಗೆ ಮಾತ್ರ ಅಷ್ಟು ದೂರ ಹೋಗಬೇಕಾಗಿಲ್ಲ. ಸಿಸೇರಿಯನ್ ಮಾಡುವಾಗ ಗರ್ಭಕೋಶವನ್ನು ತೆರೆಯುತ್ತೇವೆ. ಕೈಗವಸು, ಸೂಜಿ, ಒರೆಸುವ ಬಟ್ಟೆಗೆ ಅಂಟಿದ ಕೆಲವು ಜೀವಕೋಶಗಳು ಹೊಟ್ಟೆಯ ಗೋಡೆಯ ಗಾಯದಲ್ಲಿ ಉಳಿದುಬಿಡಬಹುದು. ಅಲ್ಲಿ ಬೇರು ಬಿಟ್ಟ ಮೇಲೆ ಅವು ತಮ್ಮ ಕೆಲಸವನ್ನು ಮರೆಯುವುದಿಲ್ಲ. ಗರ್ಭಕೋಶ ರಕ್ತ ಸುರಿಸುವಾಗ ಅವೂ ಸುರಿಸುತ್ತವೆ. ಹೊರಹೋಗಲು ದಾರಿಯಿಲ್ಲದ ರಕ್ತ ಸುತ್ತಲಿನ ಕೊಬ್ಬು, ಸ್ನಾಯುಗಳನ್ನು ಕೆರಳಿಸಿ ಗಟ್ಟಿ ಗಂಟಾಗುತ್ತದೆ. ಸ್ಕಾರ್ ಎಂಡೊಮೆಟ್ರಿಯೋಸಿಸ್ ಎಂದರೆ ಇದೇ.

ಹತ್ತು ಸಾವಿರ ಸಿಸೇರಿಯನ್‌ಗಳಲ್ಲಿ ಮೂರರಿಂದ ನಲವತ್ತು ಮಂದಿಗೆ ಬರಬಹುದು ಎಂದು ವೈದ್ಯಕೀಯ ಬರಹಗಳು ಅಂದಾಜು ಮಾಡುತ್ತವೆ. ಅಪರೂಪವೇ ಹೌದು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಸೇರಿಯನ್ ಆಗಿದ್ದವು. ಅದರ ಹಿಂದಿನ ಸುತ್ತಿನಲ್ಲಿ 23.6 ಇತ್ತು. ಹೊಲಿಗೆಗಳು ಹೆಚ್ಚಿದಂತೆ ಈ ಗಂಟುಗಳೂ ಹೆಚ್ಚುತ್ತವೆ. ನಾನು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಇಂತಹದೊಂದು ಬಂದರೆ ವಿದ್ಯಾರ್ಥಿಗಳನ್ನೆಲ್ಲ ಕರೆದು ತೋರಿಸುತ್ತಿದ್ದರು. ಈಗ ನನ್ನಂತಹ ಸಣ್ಣ ಊರಿನವಳೂ ಅದನ್ನು ನೋಡುತ್ತಿರುತ್ತೇನೆ.

ನೋವು ಎಲ್ಲರಲ್ಲೂ ಕ್ಯಾಲೆಂಡರಿನ ಪ್ರಕಾರ ನಡೆಯುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಹಳೆಯ ಹೊಲಿಗೆ, ಗಂಟು, ಮುಟ್ಟಿನ ಜೊತೆಗಿನ ನೋವು ಮೂರೂ ಸೇರಿದರೆ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಆದರೆ ಗಣನೀಯ ಸಂಖ್ಯೆಯ ಹೆಂಗಸರಲ್ಲಿ ನೋವು ತಿಂಗಳಿಡೀ ಇರುತ್ತದೆ, ಕೆಲವರಲ್ಲಿ ಗಂಟು ಮಾತ್ರ, ನೋವೇ ಇಲ್ಲ. ಕಾಣಿಸಿಕೊಳ್ಳಲು ಬೇಕಾಗುವ ಸಮಯವೂ ಒಂದೇ ರೀತಿ ಅಲ್ಲ. ಹೆರಿಗೆಯಾದ ಕೆಲವೇ ತಿಂಗಳಿಗೆ ಬಂದವರಿದ್ದಾರೆ, ಹತ್ತು ವರ್ಷ ಕಳೆದು ಬಂದವರೂ ಇದ್ದಾರೆ. ಹತ್ತು ವರ್ಷದ ಹಿಂದಿನ ಹೊಲಿಗೆಗೂ ಇಂದಿನ ಗಂಟಿಗೂ ಸಂಬಂಧವಿದೆ ಎಂದು ಯಾರಿಗೆ ತಾನೆ ಹೊಳೆಯುತ್ತದೆ? ಸಹಜ ಹೆರಿಗೆಯಲ್ಲಿ ಕೆಳಗೆ ಹಾಕಿದ ಹೊಲಿಗೆಯಲ್ಲೂ ಇದು ಬರಬಹುದು. ಅಂತಹವರು ಮುಟ್ಟಿನ ದಿನಗಳಲ್ಲಿ ಕುಳಿತುಕೊಳ್ಳಲೂ ಒದ್ದಾಡುತ್ತಾರೆ, ನಾಚಿಕೆಯಿಂದ ಹೇಳುವುದೂ ಇಲ್ಲ.

ಅಂಗನವಾಡಿಯ ಆಕೆಗೆ ಹೊಟ್ಟೆಯ ಗೋಡೆಯ ಸ್ಕ್ಯಾನಿಂಗ್ ಮಾಡಿಸಿದೆ. ಸ್ಕ್ಯಾನಿಂಗ್ ಚೀಟಿಯಲ್ಲಿ ‘ಹೊಟ್ಟೆ’ ಎಂದಷ್ಟೇ ಬರೆದರೆ ಸ್ಕ್ಯಾನಿಂಗ್ ಮಾಡುವವರು ಒಳಗಿನ ಅಂಗಗಳನ್ನು ನೋಡಿ ಎಲ್ಲವೂ ಸರಿಯಿದೆ ಎಂದು ಕಳುಹಿಸುತ್ತಾರೆ. ಗಂಟು ಇರುವುದು ಚರ್ಮದ ಕೆಳಗೆ. ಹೊಲಿಗೆಯ ಎಡ ತುದಿ, ಗಂಟಿನ ಮೇಲೆಯೇ ನೋಡಿ ಎಂದು ಬರೆಯಬೇಕು. ಸುಮಾರು ಮೂರು ಸೆಂಟಿಮೀಟರಿನ, ಅಂಚುಗಳು ಸುತ್ತಲಿನ ಕೊಬ್ಬಿಗೆ ಚಾಚಿಕೊಂಡಿರುವ, ಒಳಗೆ ರಕ್ತಸಂಚಾರವಿರುವ ಕಪ್ಪು ನೆರಳು ಕಂಡಿತು. ಹರ್ನಿಯಾ ಅಲ್ಲ ಎಂಬುದೂ ಅಲ್ಲೇ ಖಚಿತವಾಯಿತು, ಕೆಮ್ಮಿಸಿದರೂ ಕರುಳು ಹೊರಗೆ ಬರಲಿಲ್ಲ. ಸ್ನಾಯುವಿನ ಪೊರೆಗೆ ಎಷ್ಟು ಆಳ ಇಳಿದಿದೆ ಎಂದು ತಿಳಿಯಲು ಹಾಸನಕ್ಕೆ ಎಂಆರ್‌ಐಗೆ ಕಳುಹಿಸಿದೆ. ಸಣ್ಣ ಗಂಟಾಗಿದ್ದರೆ ಅದೂ ಬೇಕಾಗುತ್ತಿರಲಿಲ್ಲ.

ಮಾತ್ರೆಯಿಂದ ಹೋಗುವುದಿಲ್ಲವೇ ಎಂದು ಅವರ ಗಂಡ ಕೇಳಿದರು. ಒಳ್ಳೆಯ ಪ್ರಶ್ನೆ. ಡೈನೊಜೆಸ್ಟ್ ಎಂಬ ಹಾರ್ಮೋನಿನ ಮಾತ್ರೆ ದಿನಕ್ಕೆ 2 ಮಿಲಿಗ್ರಾಂ ಕೊಟ್ಟರೆ ನೋವು ಇಳಿಯುತ್ತದೆ, ಗಂಟು ಕುಗ್ಗಲೂಬಹುದು. ನಿಲ್ಲಿಸಿದರೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಆಗದವರಿಗೆ, ಒಳಗೂ ಎಂಡೊಮೆಟ್ರಿಯೋಸಿಸ್ ಇರುವವರಿಗೆ ಅದನ್ನು ಕೊಡುತ್ತೇನೆ. ಹೊಲಿಗೆಯಲ್ಲಿ ಒಂದೇ ಗಂಟಿದ್ದರೆ ಅದನ್ನು ಸುತ್ತಲಿನ ಒಂದು ಸೆಂಟಿಮೀಟರಿನಷ್ಟು ಆರೋಗ್ಯವಂತ ಅಂಚಿನೊಂದಿಗೆ ಪೂರ್ತಿ ಕತ್ತರಿಸಿ ತೆಗೆಯುವುದೇ ಚಿಕಿತ್ಸೆ. ಅಂಚು ಬಿಡದೆ ಗಂಟನ್ನಷ್ಟೇ ಕೆತ್ತಿ ತೆಗೆದರೆ ಉಳಿದ ಜೀವಕೋಶಗಳಿಂದ ಮತ್ತೆ ಬೆಳೆಯುತ್ತದೆ. ಆಕೆಯದು ಸ್ನಾಯುವಿನ ಪೊರೆಗೆ ಅಂಟಿಕೊಂಡಿತ್ತು. ಪೊರೆಯ ಒಂದು ತುಂಡನ್ನೂ ತೆಗೆಯಬೇಕಾಗುತ್ತದೆ, ತೂತು ದೊಡ್ಡದಾದರೆ ಜಾಲರಿ ಇಟ್ಟು ಹೊಲಿಯಬೇಕಾಗುತ್ತದೆ ಎಂದು ಮೊದಲೇ ತಿಳಿದಿದ್ದರಿಂದ, ಶಸ್ತ್ರಚಿಕಿತ್ಸೆಯ ದಿನ ಸರ್ಜನ್ ಒಬ್ಬರನ್ನು ಜೊತೆಗೆ ಕರೆಸಿಕೊಂಡಿದ್ದೆ. ಜಾಲರಿ ಬೇಕಾಗಲಿಲ್ಲ.

ತೆಗೆದ ಗಂಟನ್ನು ತಟ್ಟೆಯಲ್ಲಿಟ್ಟು ಸೀಳಿದಾಗ ಬಿಳಿಚಿದ ಗಟ್ಟಿ ನಾರಿನ ನಡುವೆ ಅಲ್ಲಲ್ಲಿ ಸಣ್ಣ ಗುಳಿಗಳು, ಅವುಗಳಲ್ಲಿ ಹಳೆಯ ಜೋನಿ ಬೆಲ್ಲದಂತಹ ಕಂದು ದ್ರವ. ಅದೆಲ್ಲ ವರ್ಷಗಳಿಂದ ಸೇರಿದ್ದ ಮುಟ್ಟಿನ ರಕ್ತ. ಎಷ್ಟೇ ಖಚಿತವಾಗಿದ್ದರೂ ತೆಗೆದದ್ದನ್ನು ಪೆಥಾಲಜಿಗೆ ಕಳುಹಿಸಲೇಬೇಕು. ಹೊಟ್ಟೆಯ ಗೋಡೆಯಲ್ಲಿ ಡೆಸ್ಮಾಯ್ಡ್ ಎಂಬ ಬೇರೆ ಬಗೆಯ ಗಡ್ಡೆ ಇದನ್ನೇ ಹೋಲುತ್ತದೆ, ತೀರಾ ವಿರಳವಾಗಿ ಎಂಡೊಮೆಟ್ರಿಯೋಸಿಸ್ ಗಂಟಿನಲ್ಲೇ ಕ್ಯಾನ್ಸರ್ ಹುಟ್ಟಿದ ಉದಾಹರಣೆಗಳೂ ಇವೆ. ಆಕೆಯ ವರದಿ ಬಂತು: ಎಂಡೊಮೆಟ್ರಿಯಂನ ಗ್ರಂಥಿಗಳು, ಅವುಗಳ ಸುತ್ತಲಿನ ಅಂಗಾಂಶ, ಹಳೆಯ ರಕ್ತದ ಕಬ್ಬಿಣವನ್ನು ನುಂಗಿದ ಕಣಗಳು. ಅಂಚುಗಳು ಸ್ವಚ್ಛ. ಮುಂದಿನ ತಿಂಗಳು ಮುಟ್ಟಾದಾಗ ಹೊಲಿಗೆ ನೋಯಲಿಲ್ಲ.

ಆ ಕೊನೆಯ ಚೀಟಿಯ ವಿಷಯಕ್ಕೆ ಬರುತ್ತೇನೆ. ಗರ್ಭಕೋಶ ತೆಗೆಸಿದ್ದರೆ ಏನಾಗುತ್ತಿತ್ತು? ಗಂಟು ಅಲ್ಲೇ ಇರುತ್ತಿತ್ತು, ನೋವೂ ಇರುತ್ತಿತ್ತು. ಗಂಟಿಗೆ ಹಾರ್ಮೋನು ಒದಗಿಸುವುದು ಅಂಡಾಶಯ, ಗರ್ಭಕೋಶವಲ್ಲ. ಸಾಲದೆಂಬಂತೆ ಮುಟ್ಟು ನಿಂತುಹೋಗಿ, ನೋವಿಗೂ ಮುಟ್ಟಿಗೂ ಇದ್ದ ನಂಟನ್ನು ಗುರುತಿಸುವ ಗುರುತೂ ಅಳಿಸಿಹೋಗುತ್ತಿತ್ತು. ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತೊಂದಕ್ಕೇ ಮೂಳೆ ಸವೆತ, ಹೃದಯದ ತೊಂದರೆಗಳಿಗೆ ದಾರಿಯಾಗುತ್ತಿತ್ತು. ಕಲಬುರಗಿ ಜಿಲ್ಲೆಯ ತಾಂಡಾಗಳ ಎಳೆಯ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಸಣ್ಣಪುಟ್ಟ ತೊಂದರೆಗಳಿಗೆಲ್ಲ ತೆಗೆದಿದ್ದ ಸಂಗತಿ 2015ರ ಸುಮಾರಿಗೆ ಬೆಳಕಿಗೆ ಬಂದಾಗ ನನಗೆ ಆದ ಸಂಕಟ ಇನ್ನೂ ಆರಿಲ್ಲ. ಮಕ್ಕಳಾದ ಮೇಲೆ ಅದು ಯಾಕೆ ಬೇಕು ಎಂಬ ಮಾತು ನಮ್ಮ ಕಡೆಯೂ ಸುಲಭವಾಗಿ ಬರುತ್ತದೆ, ಮನೆಯವರ ಬಾಯಲ್ಲೂ, ಒಮ್ಮೊಮ್ಮೆ ವೈದ್ಯರ ಬಾಯಲ್ಲೂ. ಗರ್ಭಕೋಶ ತೆಗೆಸಿ ಎಂದು ಯಾರಾದರೂ ಹೇಳಿದರೆ, ಯಾವ ಕಾಯಿಲೆಗಾಗಿ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಯಿಲೆಯ ಹೆಸರಿಲ್ಲದೆ ಅಂಗ ತೆಗೆಯುವುದು ಚಿಕಿತ್ಸೆಯಲ್ಲ.

ಸಿಸೇರಿಯನ್ ಮಾಡುವ ಕಿರಿಯ ವೈದ್ಯರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಗರ್ಭಕೋಶದ ಒಳಗನ್ನು ಒರೆಸಿದ ಬಟ್ಟೆಯನ್ನು ಹೊಟ್ಟೆಯ ಗೋಡೆಗೆ ಮುಟ್ಟಿಸಬೇಡಿ, ಗರ್ಭಕೋಶ ಹೊಲಿದ ಸೂಜಿಯಿಂದ ಮೇಲಿನ ಪದರಗಳನ್ನು ಹೊಲಿಯಬೇಡಿ, ಮುಚ್ಚುವ ಮೊದಲು ಗಾಯವನ್ನು, ವಿಶೇಷವಾಗಿ ಎರಡೂ ಮೂಲೆಗಳನ್ನು, ಸಲೈನಿನಿಂದ ಚೆನ್ನಾಗಿ ತೊಳೆಯಿರಿ. ಇದರಿಂದ ಪೂರ್ತಿ ತಪ್ಪುತ್ತದೆ ಎಂದು ಸಾಬೀತಾಗಿಲ್ಲವಾದರೂ ಖರ್ಚಿಲ್ಲ, ತೊಂದರೆಯಿಲ್ಲ, ಎರಡು ನಿಮಿಷದ ಕೆಲಸ.

ಎಂಡೊಮೆಟ್ರಿಯಂ ನೆಲೆಯೂರುವ ಜಾಗಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹೊಕ್ಕುಳಲ್ಲಿ ಬರುತ್ತದೆ, ಹೊಲಿಗೆಯೇ ಇಲ್ಲದವರಿಗೂ. ಫ್ರಾನ್ಸಿನ ವಿಲ್ಲಾರ್ 1886ರಲ್ಲೇ ಅದನ್ನು ವಿವರಿಸಿದ್ದರು. ತಿಂಗಳು ತಿಂಗಳು ಹೊಕ್ಕುಳಿನಿಂದ ರಕ್ತ ಬರುತ್ತಿದ್ದ ಒಬ್ಬಳು ಹುಡುಗಿಗೆ ಮನೆಯವರು ಮೂರು ದೇವಸ್ಥಾನಗಳಲ್ಲಿ ಹರಕೆ ಹೊತ್ತಿದ್ದರು. ಎದೆಯ ಪೊರೆಯಲ್ಲೂ ಬರುತ್ತದೆ: ಮುಟ್ಟು ಶುರುವಾದ ಎರಡು ಮೂರು ದಿನದೊಳಗೆ, ಹೆಚ್ಚಾಗಿ ಬಲಗಡೆ, ಶ್ವಾಸಕೋಶ ಕುಸಿದು ಉಸಿರು ಕಟ್ಟುತ್ತದೆ. ಅಂತಹವರು ಹೋಗುವುದು ಎದೆಯ ವೈದ್ಯರ ಬಳಿಗೆ. ಅಲ್ಲಿ ಮುಟ್ಟಿನ ತಾರೀಖನ್ನು ಕೇಳುವವರು ಇರಬೇಕು.

ಇನ್ನೊಬ್ಬಳು ಹಾಸ್ಟೆಲಿನಲ್ಲಿ ಓದುತ್ತಿದ್ದ ಹತ್ತನೇ ತರಗತಿಯ ಹುಡುಗಿ. ಪೂರ್ವಸಿದ್ಧತಾ ಪರೀಕ್ಷೆಯ ಮಧ್ಯದಲ್ಲಿ ಹೊಟ್ಟೆನೋವಿನಿಂದ ಎದ್ದು ಬಂದಿದ್ದಳು. ಮೈನೆರೆದು ಒಂದೂವರೆ ವರ್ಷವಾಗಿತ್ತು. ಮುಟ್ಟು ಸರಿಯಾಗಿ ಬರುತ್ತಿತ್ತು, ರಕ್ತವೂ ಸರಿಯಾಗಿ ಹೋಗುತ್ತಿತ್ತು, ನೋವು ಮಾತ್ರ ಪ್ರತಿ ತಿಂಗಳು ಹಿಂದಿನದಕ್ಕಿಂತ ಹೆಚ್ಚು. ಎಲ್ಲ ಹೆಣ್ಣುಮಕ್ಕಳಿಗೂ ಇರುತ್ತದೆ, ಸಹಿಸಿಕೊಳ್ಳಬೇಕು ಎಂದು ಅಮ್ಮ ಹೇಳುತ್ತ ಬಂದಿದ್ದರು, ಅವರಿಗೂ ಅವರ ಅಮ್ಮ ಹಾಗೆಯೇ ಹೇಳಿದ್ದರಂತೆ. ನೋವಿನ ಮಾತ್ರೆ ಕೈತುಂಬ ನುಂಗುತ್ತಿದ್ದಳು. ಸಹಜವಾದ ಮುಟ್ಟಿನ ನೋವು ತಿಂಗಳಿಂದ ತಿಂಗಳಿಗೆ ಏರುತ್ತ ಹೋಗುವುದಿಲ್ಲ. ಏರುತ್ತಿದ್ದರೆ ಒಳಗೆ ಏನೋ ತುಂಬಿಕೊಳ್ಳುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ಅವರ ಬಳಿ ಬೇರೆ ಕಡೆ ಮಾಡಿಸಿದ್ದ ಸ್ಕ್ಯಾನಿಂಗ್ ವರದಿಯಿತ್ತು. ಬಲಗಡೆ ಅಂಡಾಶಯದ ನೀರುಗುಳ್ಳೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದೇ ವರದಿಯ ಮೇಲ್ಭಾಗದಲ್ಲಿ, ಸಣ್ಣದಾಗಿ, ಬಲ ಮೂತ್ರಪಿಂಡ ಕಾಣುತ್ತಿಲ್ಲ ಎಂದಿತ್ತು. ಆ ಎರಡು ಸಾಲುಗಳನ್ನು ಯಾರೂ ಒಟ್ಟಿಗೆ ಓದಿರಲಿಲ್ಲ.

ತಾಯಿಯ ಹೊಟ್ಟೆಯಲ್ಲಿ ಭ್ರೂಣ ಬೆಳೆಯುವಾಗ ಮೂತ್ರಪಿಂಡವನ್ನು ಹುಟ್ಟಿಸುವ ನಾಳ ಮತ್ತು ಗರ್ಭಕೋಶವಾಗುವ ನಾಳ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಎರಡನೆಯದಕ್ಕೆ ಮೊದಲನೆಯದೇ ದಾರಿ ತೋರಿಸುತ್ತದೆ. ಒಂದು ಕಡೆ ಅದು ಕೆಟ್ಟರೆ ಆ ಬದಿಯ ಮೂತ್ರಪಿಂಡ ಹುಟ್ಟುವುದಿಲ್ಲ, ಎಡ ಬಲ ನಾಳಗಳು ಕೂಡಿ ಒಂದೇ ಗರ್ಭಕೋಶವಾಗುವುದೂ ನಿಂತುಹೋಗಬಹುದು. ಆಗ ಎರಡು ಗರ್ಭಕೋಶ, ಎರಡು ಕಂಠ, ನಡುವೆ ಗೋಡೆಯಿರುವ ಎರಡು ಯೋನಿಗಳಾಗುತ್ತವೆ, ಮೂತ್ರಪಿಂಡವಿಲ್ಲದ ಬದಿಯ ಯೋನಿ ಕೆಳಗೆ ಮುಚ್ಚಿರುತ್ತದೆ. ತೆರೆದ ಬದಿಯಿಂದ ಮುಟ್ಟು ಹರಿಯುತ್ತದೆ, ಆದ್ದರಿಂದಲೇ ಎಲ್ಲವೂ ಸರಿಯಿದೆ ಎಂದು ಎಲ್ಲರೂ ನಂಬುತ್ತಾರೆ. ಮುಚ್ಚಿದ ಬದಿಯಲ್ಲಿ ಪ್ರತಿ ತಿಂಗಳ ರಕ್ತ ಸೇರುತ್ತ ಉಬ್ಬುತ್ತದೆ. ಇದರ ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವೈದ್ಯರು ಇದನ್ನು ಓಹ್ವಿರಾ (OHVIRA) ಎಂದು ಕರೆಯುತ್ತಾರೆ. ಬಲಗಡೆಯೇ ಹೆಚ್ಚು. ಗುಳ್ಳೆ ಎಂದು ಬರೆದಿದ್ದದ್ದು ರಕ್ತ ತುಂಬಿದ ಆ ಚೀಲ. ಹೊಟ್ಟೆಯ ಮೇಲಿನಿಂದಲೇ ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿಸಿ, ಎಂಆರ್‌ಐಯಲ್ಲಿ ಖಚಿತಪಡಿಸಿಕೊಂಡೆವು. ಇಂತಹ ಹುಡುಗಿಯರಿಗೆ ಒಳಗಿನ ಪರೀಕ್ಷೆ ಮಾಡುವ ಅಗತ್ಯವೇ ಬೀಳುವುದಿಲ್ಲ.

ಅಂಡಾಶಯದ ಗುಳ್ಳೆ ಎಂದು ನಂಬಿ ಹೊಟ್ಟೆ ಕೊಯ್ದಿದ್ದರೆ ಆ ಬದಿಯ ಒಳ್ಳೆಯ ಗರ್ಭಕೋಶವನ್ನೇ ಕಳೆದುಕೊಳ್ಳುತ್ತಿದ್ದಳೇನೋ. ಬೇಕಾದದ್ದು ನಡುವಿನ ಗೋಡೆಯನ್ನು ಕೆಳಗಿನಿಂದ ತೆರೆದು ಕತ್ತರಿಸುವುದು, ಅಷ್ಟೆ. ಈ ಶಸ್ತ್ರಚಿಕಿತ್ಸೆಯಲ್ಲಿ ಅನುಭವವಿರುವ ಮೈಸೂರಿನ ಹಿರಿಯರೊಬ್ಬರು ಅದನ್ನು ಮಾಡಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಗೋಡೆಗೆ ತೂತು ಮಾಡಿ ಬಿಟ್ಟರೆ ಅದು ಮತ್ತೆ ಮುಚ್ಚಿಕೊಂಡು ಕೀವಾಗುತ್ತದೆ, ಆದಷ್ಟು ಪೂರ್ತಿ ತೆಗೆಯಬೇಕು. 

ಅದಕ್ಕೂ ಹಿಂದಿನ ದಿನ ಆ ತಾಯಿ ನನ್ನನ್ನು ಕಾರಿಡಾರಿನ ಮೂಲೆಗೆ ಕರೆದು, “ಮುಂದೆ ಮದುವೆಗೆ ಏನಾದರೂ ತೊಂದರೆಯಾಗುತ್ತದೆಯೇ ಮೇಡಂ? ಕೆಳಗಿನಿಂದ ಆಪರೇಷನ್ ಎನ್ನುತ್ತಿದ್ದಾರೆ” ಎಂದು ಕೇಳಿದರು. ಅವರ ಭಯವನ್ನು ನಾನು ಸಣ್ಣದು ಎಂದುಕೊಳ್ಳಲಿಲ್ಲ. ಕನ್ಯಾಪೊರೆ ನೋಡಿ ಹೆಣ್ಣಿನ ನಡತೆ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ, ಹಾಗೆ ಹೇಳುವವರನ್ನು ನಂಬಬೇಡಿ ಎಂದೆ. ನಡೆದದ್ದನ್ನೆಲ್ಲ ವಿವರವಾಗಿ ಬರೆದ ಪತ್ರವನ್ನು ಮಗಳ ಕಡತದಲ್ಲಿ ಇಡುತ್ತೇನೆ ಎಂದೂ ಹೇಳಿದೆ. ಆ ಪತ್ರ ಇರಬೇಕಾದದ್ದು ಮುಂದೆ ಅವಳ ಹೆರಿಗೆ ನೋಡಿಕೊಳ್ಳುವ ವೈದ್ಯರಿಗಾಗಿ. ಎರಡು ಗರ್ಭಕೋಶವಿರುವವರು ಗರ್ಭ ಧರಿಸುತ್ತಾರೆ, ಹೆರುತ್ತಾರೆ; ಅವಧಿಗೆ ಮೊದಲೇ ಹೆರಿಗೆಯಾಗುವ, ಮಗು ಅಡ್ಡವೋ ತಿರುಗಿಯೋ ಇರುವ ಸಂಭವ ಸ್ವಲ್ಪ ಹೆಚ್ಚು. ಜೊತೆಗೆ ಅವಳಿಗೆ ಇರುವುದು ಒಂದೇ ಮೂತ್ರಪಿಂಡ. ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನ್ ನೋಡಿಸಬೇಕು, ಅಂಗಡಿಯಿಂದ ತಾನೇ ತಂದು ನುಂಗುವ ನೋವಿನ ಮಾತ್ರೆಗಳನ್ನು ಬಿಡಬೇಕು. ಒಂದೂವರೆ ವರ್ಷ ಅವಳಿಗೆ ಅದನ್ನೇ ನುಂಗಿಸಿದ್ದೆವಲ್ಲ ಎಂದು ಅಮ್ಮ ಅತ್ತರು.

ಹದಿನಾಲ್ಕು ಹದಿನೈದಾದರೂ ಮೈನೆರೆಯದೆ, ತಿಂಗಳಿಗೊಮ್ಮೆ ಹೊಟ್ಟೆನೋವು ಬಂದು, ಒಂದು ದಿನ ಮೂತ್ರವೇ ಕಟ್ಟಿಕೊಂಡು ಬರುವ ಹುಡುಗಿಯರಿದ್ದಾರೆ. ಅವರಲ್ಲಿ ಕನ್ಯಾಪೊರೆಯೇ ಪೂರ್ತಿ ಮುಚ್ಚಿರಬಹುದು. ಸಣ್ಣ ಶಸ್ತ್ರಚಿಕಿತ್ಸೆ ಸಾಕು. ಮೂತ್ರ ಕಟ್ಟಿದ ಹುಡುಗಿಗೆ ಕೊಳವೆ ಹಾಕಿ ಕಳುಹಿಸುವ ಮುನ್ನ ಮೈನೆರೆದಿದ್ದಾಳೆಯೇ ಎಂದು ಕೇಳಿದರೆ ಆಯಿತು.

ಮುಟ್ಟು ನಿಂತವರಿಗೆ ನನ್ನ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ. ಕೆಳಗೆ ನವೆ ಎಂದು ಬರುವ ಅರವತ್ತು ದಾಟಿದವರನ್ನು, ದಿನದ ಯಾವ ಹೊತ್ತಿನಲ್ಲಿ ಎಂದು ಕೇಳುತ್ತೇನೆ. ತೋಟದ ಮನೆಯ ಒಬ್ಬರು, “ರಾತ್ರಿ ಡಾಕ್ಟರಮ್ಮ. ನಿದ್ದೆಯಲ್ಲೇ ಕೆರೆದುಕೊಂಡು ರಕ್ತ ಬಂದಿರುತ್ತದೆ. ಬೆಳಿಗ್ಗೆ ಸೊಸೆಗಿಂತ ಮೊದಲು ಎದ್ದು ಬಟ್ಟೆ ತೊಳೆಯುತ್ತೇನೆ” ಎಂದರು. ಸಕ್ಕರೆ ಕಾಯಿಲೆ ಇರಬಹುದೆಂದು ಎಷ್ಟೋ ಸಲ ರಕ್ತ ಪರೀಕ್ಷೆಯಾಗಿತ್ತು, ಇರಲಿಲ್ಲ. ಹುಳುಕಡ್ಡಿಗೆ ಕೊಡುವ ಮುಲಾಮುಗಳನ್ನು ಔಷಧಿ ಅಂಗಡಿಯಿಂದ ತರಿಸಿ ಹಚ್ಚುತ್ತಿದ್ದರು. ಆ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಸ್ಟೀರಾಯ್ಡ್ ಬೆರೆತಿರುತ್ತದೆ, ಹಾಗಾಗಿ ನಾಲ್ಕು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಪರೀಕ್ಷಿಸಿದಾಗ ಚರ್ಮ ಬಿಳಿಚಿ, ತೆಳುವಾಗಿ, ಸುಕ್ಕಾಗಿತ್ತು; ಒಳ ತುಟಿಗಳು ಕರಗಿ ಪಕ್ಕಕ್ಕೆ ಅಂಟಿಕೊಂಡಿದ್ದವು. ತೊನ್ನು ಎಂದು ಯಾರೋ ಹೇಳಿದ್ದರಂತೆ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮದ ರಚನೆ ಹಾಳಾಗುವುದಿಲ್ಲ.

ಇದು ಲೈಕನ್ ಸ್ಕ್ಲೆರೋಸಸ್. ಅಂಟುರೋಗವಲ್ಲ, ಗಂಡನಿಂದ ಬಂದದ್ದಲ್ಲ, ಸ್ವಚ್ಛತೆಯ ಕೊರತೆಯಿಂದಲೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಆ ಜಾಗದ ಚರ್ಮದ ಮೇಲೆ ತಿರುಗಿಬೀಳುತ್ತದೆ ಎಂದು ತಿಳಿಯಲಾಗಿದೆ. ಥೈರಾಯ್ಡ್ ತೊಂದರೆ ಜೊತೆಗಿರುವುದು ಸಾಮಾನ್ಯ, ಆದ್ದರಿಂದ ಅದನ್ನೂ ಪರೀಕ್ಷಿಸುತ್ತೇನೆ. ಮೈನೆರೆಯದ ಪುಟ್ಟ ಹುಡುಗಿಯರಲ್ಲೂ ಬರುತ್ತದೆ, ಅಲ್ಲಿ ರಕ್ತಗೀರು ಕಂಡು ಮಗುವಿನ ಮೇಲೆ ದೌರ್ಜನ್ಯವಾಗಿದೆಯೆಂದು ಗಾಬರಿಯಾಗುವುದೂ ಉಂಟು.

ಔಷಧಿ ಇದೆ, ದುಬಾರಿಯೂ ಅಲ್ಲ: ಕ್ಲೊಬೆಟಸಾಲ್ 0.05% ಮುಲಾಮು. ಮೊದಲ ತಿಂಗಳು ಪ್ರತಿ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆರಡು ಸಲ. ಬೆರಳ ತುದಿಯ ಅರ್ಧದಷ್ಟು ಸಾಕು. 30 ಗ್ರಾಂ ಮೂರು ತಿಂಗಳಿಗೆ ಬರಬೇಕು. ಆಮೇಲೂ ಹೆಚ್ಚಿನವರಿಗೆ ವಾರಕ್ಕೆ ಒಂದೆರಡು ಸಲ ಮುಂದುವರಿಸಬೇಕಾಗುತ್ತದೆ. ಸೋಪು ಬೇಡ, ನೀರು ಸಾಕು. ಒಣಗದಂತೆ ವ್ಯಾಸಲೀನೋ ಕೊಬ್ಬರಿ ಎಣ್ಣೆಯೋ ಹಚ್ಚಬಹುದು. ಟ್ಯೂಬಿನ ಜೊತೆಗಿರುವ ಕಾಗದದಲ್ಲಿ ಗುಪ್ತಾಂಗಕ್ಕೆ ಹಚ್ಚಬಾರದು ಎಂದು ಬರೆದಿರುವುದನ್ನು ಮೊಮ್ಮಗ ಓದಿ ಹೇಳಿದ್ದಕ್ಕೆ ಎಷ್ಟೋ ಅಜ್ಜಿಯರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಈ ಕಾಯಿಲೆಗೆ ಅದನ್ನೇ ಹಚ್ಚಬೇಕು ಎಂದು ನಾನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡುತ್ತೇನೆ. ಎಲ್ಲಿ ಹಚ್ಚಬೇಕು ಎಂದು ಕೈಗನ್ನಡಿ ಹಿಡಿಸಿ ತೋರಿಸುತ್ತೇನೆ. ನಾಲ್ಕು ಮಕ್ಕಳನ್ನು ಹೆತ್ತ ಆ ತಾಯಿ ತಮ್ಮ ದೇಹದ ಆ ಭಾಗವನ್ನು ನೋಡಿದ್ದು ಅದೇ ಮೊದಲು. “ಇಷ್ಟೇನಾ” ಎಂದರು.

ಸ್ಟೀರಾಯ್ಡ್ ಎಂದರೆ ಹೆದರುವವರಿಗೆ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ನೂರರಲ್ಲಿ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಅಲ್ಲಿ ಕ್ಯಾನ್ಸರ್ ಆಗಬಹುದು, ನಿಯಮಿತವಾಗಿ ಹಚ್ಚಿಕೊಳ್ಳುವವರಲ್ಲಿ ಆ ಅಪಾಯ ತಗ್ಗುತ್ತದೆ. ವಾಸಿಯಾಗದ ಹುಣ್ಣು, ಗಟ್ಟಿಯಾದ ಜಾಗ ಕಂಡರೆ ತಡಮಾಡದೆ ಬಯಾಪ್ಸಿ. ವರ್ಷಕ್ಕೊಮ್ಮೆಯಾದರೂ ಬಂದು ತೋರಿಸಬೇಕು.

ಮೂರು ತಿಂಗಳಿಗೆ ಅವರು ಬಂದಾಗ ನವೆ ಹೋಗಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಕರಗಿದ ಒಳ ತುಟಿಗಳು ಮರಳಿ ಬರುವುದಿಲ್ಲ, ಅದನ್ನು ಮೊದಲೇ ಹೇಳಿದ್ದೆ. ಜೊತೆಯಲ್ಲಿ ಮೂಡಿಗೆರೆಯಿಂದ ಅಕ್ಕನನ್ನು ಕರೆತಂದಿದ್ದರು. ಒಂದೇ ಮನೆತನದವರಲ್ಲಿ ಇದು ಕಾಣಿಸುವುದುಂಟು. ಅಕ್ಕನಿಗೆ ಗಂಡ ಬದುಕಿದ್ದ ಕಾಲದಿಂದಲೂ ನವೆಯಿತ್ತಂತೆ, ತಂಗಿಗೂ ಹೇಳಿರಲಿಲ್ಲ. ಅವರ ಒಂದು ಬದಿಯಲ್ಲಿ ಗಟ್ಟಿಯಾದ ಸಣ್ಣ ಜಾಗ ಕೈಗೆ ಸಿಕ್ಕಿತು. ಅಂದೇ ಮರಗಟ್ಟಿಸಿ ಚೂರು ತೆಗೆದು ಹಾಸನಕ್ಕೆ ಕಳುಹಿಸಿದೆ. ವರದಿಯಲ್ಲಿ ಲೈಕನ್ ಸ್ಕ್ಲೆರೋಸಸ್ ಅಷ್ಟೇ ಇತ್ತು, ಬೇರೇನೂ ಇರಲಿಲ್ಲ. ಅವರಿಗೂ ಅದೇ ಮುಲಾಮನ್ನು ಬರೆದುಕೊಟ್ಟಿದ್ದೇನೆ; ಆ ಗಟ್ಟಿ ಜಾಗಕ್ಕಾಗಿ ಆರು ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ.